ದಾಳಿಂಬೆಯ ಸೊಟ್ಟ ಹಲ್ಲು

ಅವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ನಮ್ಮ ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮದುವೆಯಾಗಿ ಬಂದ ದಿನ ಬಾಗಿಲಲ್ಲಿ ಎಲ್ಲರೂ ಬಿಟ್ಟಿದ್ದ ಚಪ್ಪಲಿಯ ರಾಶಿಗೆ ಕಾಲು ಸಿಕ್ಕಿ ಮುಗ್ಗರಿಸಿದಳು. ಬೇರೆ ಹುಡುಗಿಯಾಗಿದ್ದರೆ ನಾಚಿಕೊಂಡು ನೆಲ ನೋಡುತ್ತಿದ್ದಳು. ಇವಳು ಗೋಡೆ ಹಿಡಿದುಕೊಂಡು ನಕ್ಕಳು. ನಮ್ಮತ್ತೆ ಯಾರನ್ನೂ ಹೊಗಳಿದ ಹೆಂಗಸಲ್ಲ. ಹೊಗಳಿದರೆ ನಾಲಿಗೆ ಸವೆದುಹೋದೀತು ಅನ್ನುವ ಹಾಗಿದ್ದವರು. ಅಂಥವರ ಬಾಯಿಂದಲೇ, "ಅಯ್ಯೋ, ಹಲ್ಲು ನೋಡ್ರೇ ಇವಳದ್ದು! ದಾಳಿಂಬೆ ಬಿರಿದಂಗಿದೆ," ಎಂಬ ಮಾತು ಬಂತು. ಅವತ್ತಿನಿಂದ ಅವಳು ದಾಳಿಂಬೆ.

ಹಿರೀಸೊಸೆ ನಾನು, ಅವಳಿಗಿಂತ ಮೊದಲೇ ಬಂದವಳು. ನನಗೆ ಅತ್ತೆ ಯಾವ ಹಣ್ಣಿನ ಹೆಸರನ್ನೂ ಇಡಲಿಲ್ಲ. ನನ್ನ ಮೇಲಿನ ಹಲ್ಲು ತುಟಿಯ ಮಾತು ಕೇಳುವುದಿಲ್ಲ; ತುಟಿ ಮುಚ್ಚು ಅಂದರೆ ಅವು ಹೊರಗೆ ಬಂದು ನೋಡುತ್ತವೆ. ಮೈದುನ ತಮಾಷೆಗೆ, "ನಮ್ಮತ್ತಿಗೆಗೇನು ಬಿಡಿ, ಮಳೆ ಬಂದ್ರೆ ಗಲ್ಲ ನೆನೆಯಲ್ಲ," ಅನ್ನುತ್ತಿದ್ದ. ಎಲ್ಲರ ಜೊತೆ ನಾನೂ ನಗುತ್ತಿದ್ದೆ, ಅಂಗೈ ಅಡ್ಡ ಇಟ್ಟುಕೊಂಡು. ದಾಳಿಂಬೆ ಬಂದ ಮೇಲೆ ಅಂಗೈ ಅಡ್ಡ ಇಡುವ ಕೆಲಸವೂ ತಪ್ಪಿತು. ಅವಳು ನಗುವಾಗ ನನ್ನ ಕಡೆ ನೋಡುವವರು ಯಾರಿದ್ದರು?

ಗಂಡಂದಿರಿಬ್ಬರೂ ಒಂದೇ ಕಾರ್ಖಾನೆಯಲ್ಲಿ ಇದ್ದರು. ಅಲ್ಲಿನ ಕ್ಯಾಂಟೀನಿಗೆ ಕೆಲಸಗಾರರ ಮನೆಯ ಹೆಂಗಸರನ್ನು ತೆಗೆದುಕೊಳ್ಳುತ್ತಾರೆಂದು ಗೊತ್ತಾಗಿ ನಾವಿಬ್ಬರೂ ಜೊತೆಯಲ್ಲೇ ಹೋದೆವು. ಕ್ಯಾಂಟೀನಿನ ಮೇಸ್ತ್ರಿ ನಮ್ಮನ್ನು ಅಕ್ಕಪಕ್ಕ ನಿಲ್ಲಿಸಿ ಏನೇನೋ ಕೇಳಿದ. ದಾಳಿಂಬೆ ಉತ್ತರ ಹೇಳುತ್ತಾ ನಕ್ಕಳು. ನಾನು ಉತ್ತರವನ್ನಷ್ಟೇ ಹೇಳಿದೆ. ಮೇಸ್ತ್ರಿ ಬೆರಳು ಮಾಡಿ, "ನೀನು ಮುಂದೆ ಬಡಿಸೋಕೆ. ನೀನು ಹಿಂದೆ ತೊಳೆಯೋಕೆ," ಅಂದ. ಅಷ್ಟೇ. ನಮ್ಮಿಬ್ಬರ ಬದುಕಿನ ಮುಕ್ಕಾಲು ಭಾಗವನ್ನು ಅವನ ಒಂದು ಬೆರಳು ಹಂಚಿಬಿಟ್ಟಿತು.

ಬಡಿಸುವ ಕಟ್ಟೆಗೂ ತೊಳೆಯುವ ಕೋಣೆಗೂ ನಡುವೆ ಗೋಡೆಯಲ್ಲೊಂದು ಕಿಂಡಿ ಇತ್ತು. ಎಂಜಲು ತಟ್ಟೆಗಳು ಅದರ ಮೂಲಕ ಜಾರಿ ನನ್ನ ತೊಟ್ಟಿಗೆ ಬೀಳುತ್ತಿದ್ದವು. ಬಿಸಿನೀರಿನ ಹಬೆ, ಸೋಪಿನ ಪುಡಿಗೆ ಬಿರಿದ ಬೆರಳು, ಮೊಣಕೈತನಕ ನೀರು. ತಲೆ ಎತ್ತಿದರೆ ಕಿಂಡಿಯಲ್ಲಿ ದಾಳಿಂಬೆಯ ಮುಖದ ಎಡಭಾಗ. ಸೈರನ್ ಕೂಗಿದ ಮೇಲೆ ಗಂಡಸರ ಸಾಲು ಬರುತ್ತಿತ್ತು. ಒಬ್ಬೊಬ್ಬನಿಗೂ ಒಂದೊಂದು ಮಾತು, ಒಂದೊಂದು ನಗು.

"ಅನ್ನ ಕಮ್ಮಿಯಾಯ್ತು ಕಣಮ್ಮ," ಅನ್ನುತ್ತಿದ್ದ ಒಬ್ಬ.

"ಹೊಟ್ಟೆ ಜಾಸ್ತಿಯಾಗಿದೆ ಅಣ್ಣ, ಅನ್ನ ಅಷ್ಟೇ ಇದೆ," ಅನ್ನುತ್ತಿದ್ದಳು ಇವಳು. ಇಡೀ ಸಾಲು ನಗುತ್ತಿತ್ತು.

ಆ ತಟ್ಟೆಗಳೇ ಸ್ವಲ್ಪ ಹೊತ್ತಿಗೆ ನನ್ನ ತೊಟ್ಟಿಗೆ ಬರುತ್ತಿದ್ದವು. ಊಟ ಚೆನ್ನಾಗಿತ್ತು ಎಂದು ಅವಳಿಗೆ ಹೇಳಿ ಹೋಗುತ್ತಿದ್ದರು; ತಟ್ಟೆ ಬೆಳಗಿತ್ತು ಎಂದು ನನಗೆ ಹೇಳಿದವನು ಒಬ್ಬನೂ ಇಲ್ಲ. ಬೇರೆಯವರು ದೇವರ ಪಟ ನೋಡುವಷ್ಟು ಹೊತ್ತು ನಾನು ಆ ಕಿಂಡಿಯಲ್ಲಿ ಆ ಹಲ್ಲುಗಳನ್ನು ನೋಡಿದ್ದೇನೆ. ಭಕ್ತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಹೊಟ್ಟೆಕಿಚ್ಚಿಗೆ ಭಕ್ತಿಗಿಂತ ಕಣ್ಣು ಚುರುಕು.

ಅವಳ ವಸಡಿನಲ್ಲಿ ರಕ್ತ ಬರಲು ಶುರುವಾದಾಗ ನಾವಿನ್ನೂ ನಡುವಯಸ್ಸಿನವರು. ಬಡಾವಣೆಯ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಮ್ಮೆ ಹಲ್ಲಿನ ಡಾಕ್ಟರು ಬರುತ್ತಿದ್ದರು. ಒಂದೇ ಕುರ್ಚಿ, ಅದರ ದೀಪ ಕೆಟ್ಟು, ನರ್ಸಮ್ಮ ಪಕ್ಕದಲ್ಲಿ ನಿಂತು ಬಾಯಿಗೆ ಟಾರ್ಚು ಹಿಡಿಯುತ್ತಿದ್ದರು. ಡಾಕ್ಟರು ದಾಳಿಂಬೆಯ ಹಲ್ಲು ಅಲ್ಲಾಡಿಸಿ ನೋಡಿ ತಲೆ ಆಡಿಸಿದರು.

"ಹಲ್ಲು ಗಟ್ಟಿಯಾಗೇ ಇದೆ ತಾಯಿ. ನೆಲ ಸಡಿಲ ಆಗಿದೆ. ವಸಡಿನ ಡಾಕ್ಟ್ರು ನೋಡಿದ್ರೆ ಉಳಿಸಬಹುದಿತ್ತು."

"ಅವರೆಲ್ಲಿದಾರೆ?"

"ದೊಡ್ಡಾಸ್ಪತ್ರೇಲಿ. ಇಲ್ಲಿ ಕೀಳೋದು ಮಾತ್ರ."

ದೊಡ್ಡಾಸ್ಪತ್ರೆಗೆ ಎರಡು ಬಸ್ಸು. ಹೋದರೆ ಇಡೀ ದಿನ ಹೋಯಿತು. ಒಂದು ಸಲ ಹೋದರೆ ಮುಗಿಯುವುದೂ ಇಲ್ಲ. ಮೇಸ್ತ್ರಿ, "ಹಲ್ಲುನೋವಿಗೆಲ್ಲ ರಜಾ ಕೊಟ್ರೆ ಕ್ಯಾಂಟೀನಿಗೆ ಬೀಗ ಹಾಕಬೇಕಾಗತ್ತೆ," ಅಂದ. ಕೀಳುವುದಾದರೆ, ಗಂಡಸರ ಸಾಲು ಕರಗಿದ ಮೇಲೆ ನಮಗೆ ಸಿಗುವ ಊಟದ ಬಿಡುವಿನಲ್ಲೇ ಮುಗಿಯುತ್ತಿತ್ತು. ಹಾಗಾಗಿ ಅವಳ ಹಲ್ಲುಗಳು ಊಟದ ಬಿಡುವಿನಲ್ಲಿ ಒಂದೊಂದಾಗಿ ಹೋದವು. ಕಿತ್ತ ಒಂದನ್ನೂ ಅವಳು ಮನೆಗೆ ತರಲಿಲ್ಲ. ನರ್ಸಮ್ಮ ಬೇಕಾ ಎಂದು ಕೇಳಿದರೆ, "ಹೋದೋರ ಮುಖ ಯಾಕೆ ನೋಡ್ಲಿ," ಅಂದು ತಟ್ಟೆಯಲ್ಲೇ ಬಿಟ್ಟು ಬರುತ್ತಿದ್ದಳು.

ಮುಂದಿನ ಹಲ್ಲು ಹೋದ ಮೇಲೆ ಮೇಸ್ತ್ರಿ ಅವಳನ್ನೂ ಹಿಂದಕ್ಕೆ ಕಳಿಸಿದ. ನನ್ನ ಪಕ್ಕದ ತೊಟ್ಟಿ ಅವಳದ್ದಾಯಿತು. ಸುಳ್ಳು ಯಾಕೆ ಹೇಳಲಿ, ಅವತ್ತು ತಟ್ಟೆಗಳು ನನ್ನ ಕೈಯಲ್ಲಿ ಹಗುರವಾಗಿದ್ದವು. ನನ್ನ ಉಬ್ಬುಹಲ್ಲು ಒಂದೂ ಅಲ್ಲಾಡಿರಲಿಲ್ಲ. ಅವಳ ಎದುರಿಗೇ ಕಬ್ಬು ಸಿಗಿದು ತಿನ್ನುತ್ತಿದ್ದೆ, ಕಡಲೆ ಕಟಕಟ ಕಡಿಯುತ್ತಿದ್ದೆ. "ನಿಂದು ಬಿಡಕ್ಕ, ಕಬ್ಬಿಣ," ಅನ್ನುತ್ತಿದ್ದಳು ಅವಳು ತುಟಿ ಒಳಕ್ಕೆ ಎಳೆದುಕೊಂಡು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಓರಗಿತ್ತಿಯರಿಗೂ ಹಾಗೇ ಇದೆ ಎಂದುಕೊಂಡೆ.

ಆಮೇಲೆ ಅವಳ ಗಂಡ ಹೋದ, ನನ್ನವರೂ ಹೋದರು. ಈಗ ನಾವಿಬ್ಬರೂ ನನ್ನ ಮಗ ಸೊಸೆಯ ಜೊತೆ ಅದೇ ಮನೆಯಲ್ಲಿದ್ದೇವೆ. ಹಿತ್ತಿಲ ಕಡೆಯ ಕೋಣೆಯಲ್ಲಿ ಎರಡು ಮಂಚ, ಒಂದೇ ಕಿಟಕಿ. ಕಿಟಕಿಯ ಪಕ್ಕದ ಮಂಚ ಯಾರದ್ದು ಎಂದು ಹೇಳಬೇಕಾಗಿಲ್ಲ. "ಚಿಕ್ಕಮ್ಮಂಗೆ ಗಾಳಿ ಬೇಕು," ಅಂದ ನನ್ನ ಮಗ. ಹೆತ್ತವಳಿಗೆ ಗಾಳಿ ಬೇಡವೇ ಎಂದು ನಾನು ಕೇಳಲಿಲ್ಲ.

ಆ ಗಾಳಿಯನ್ನೇ ಕುಡಿದು ಬದುಕಿದ್ದಾಳೇನೋ ಅನ್ನುವ ಹಾಗೆ ದಾಳಿಂಬೆ ಒಣಗುತ್ತಾ ಬಂದಳು. ಬರೀ ಗಂಜಿ, ಚಹಾದಲ್ಲಿ ನೆನೆಸಿದ ಬಿಸ್ಕತ್ತು. ಸೊಸೆ ಏನಾದರೂ ಮೆತ್ತಗೆ ಬೇಯಿಸಿ ಕೊಟ್ಟರೂ ವಸಡಿನಲ್ಲಿ ಒತ್ತಿ ಒತ್ತಿ ಸೋತು ತಟ್ಟೆ ಪಕ್ಕಕ್ಕಿಡುತ್ತಿದ್ದಳು. ಯಾರಾದರೂ ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು. ನಾನೇ ಎತ್ತಿದ್ದು. ಒದ್ದೆ ಬಟ್ಟೆಯ ಗಂಟು ಎತ್ತಿದಷ್ಟೇ ಭಾರ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ಬೈದರು. "ಬರೀ ಗಂಜಿ ಕುಡಿದ್ರೆ ಮೈಯಲ್ಲಿ ರಕ್ತ ಎಲ್ಲಿಂದ ಬರ್ಬೇಕು ಅಜ್ಜಿ? ಹಲ್ಲು ಕಟ್ಟಿಸ್ಕೊಳ್ಳಿ, ಅಗಿದು ತಿನ್ನಿ. ಇನ್ನೊಂದು ಸಲ ಹೀಗೆ ಬಿದ್ರೆ ಏಳ್ತೀರಿ ಅಂತ ನಾನು ಹೇಳಲಾರೆ."

ದೊಡ್ಡಾಸ್ಪತ್ರೆಯಲ್ಲಿ ಈಗ ಹಲ್ಲು ಕಟ್ಟುವ ಡಾಕ್ಟರಮ್ಮ ಒಬ್ಬರು ಬಂದಿದ್ದಾರೆ, ಇಡೀ ಸೆಟ್ಟು ಮಾಡಿಕೊಡುತ್ತಾರೆ ಎಂದು ಚೀಟಿ ಬರೆದುಕೊಟ್ಟರು. ಅದೇ ಹೊತ್ತಿಗೆ ನನ್ನ ದವಡೆ ಹಲ್ಲೊಂದು ನೋಯುತ್ತಿತ್ತು. ನಾನೂ ಬಾಯಿ ತೆಗೆದು ತೋರಿಸಿದೆ. "ನಿಮ್ಮದು ಉಳಿಸಬಹುದು, ಬೇರಿಗೆ ಔಷಧಿ ತುಂಬ್ತಾರೆ, ನೀವೂ ಅಲ್ಲಿಗೇ ಹೋಗಿ," ಎಂದು ನನಗೂ ಒಂದು ಚೀಟಿ ಕೊಟ್ಟರು. ಇಬ್ಬರಿಗೂ ಒಂದೇ ಥರದ ಚೀಟಿ, ಒಂದೇ ದಾರಿ. ನೋಡೋಣ ಎಂದುಕೊಂಡೆ.

ಏನು ನೋಡಿದೆ? ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಉದ್ದನೆಯ ಪಡಸಾಲೆ, ಒಂದೊಂದು ಬಾಗಿಲಿಗೂ ಒಂದೊಂದು ಬೋರ್ಡು. ಹಲ್ಲು ಕಟ್ಟುವ ಕೋಣೆಯ ಬಾಗಿಲು ತೆರೆದಿತ್ತು. ಬೇರಿನ ಚಿಕಿತ್ಸೆಯ ಕೋಣೆಗೆ ಬೀಗ. ಅಲ್ಲಿದ್ದ ಜವಾನ, "ಆ ಡಾಕ್ಟ್ರಿಗೆ ವರ್ಗ ಆಯ್ತಮ್ಮ. ಹೊಸಬರು ಬರ್ತಾರೆ," ಅಂದ.

"ಯಾವಾಗಪ್ಪ?"

"ಬಂದಾಗ."

ನೋವು ತಡೆಯುವ ಹಾಗಿರಲಿಲ್ಲ. ಕೊನೆಗೆ ಕೀಳುವ ಕೋಣೆಗೇ ಹೋದೆ. ಉಳಿಸಬಹುದಾಗಿದ್ದ ಹಲ್ಲನ್ನು ಬಿಟ್ಟು, ಹತ್ತಿ ಕಚ್ಚಿಕೊಂಡು ಹೊರಗೆ ಬಂದೆ. ಎದುರಿಗೆ ದಾಳಿಂಬೆ, ಕುರ್ಚಿಯಲ್ಲಿ ರಾಣಿಯ ಹಾಗೆ ಒರಗಿದ್ದಾಳೆ. ಎಳೇ ವಯಸ್ಸಿನ ಡಾಕ್ಟರಮ್ಮ ಅವಳ ಗಲ್ಲ ಹಿಡಿದು, "ಅಗಲಿಸಿ ಅಜ್ಜಿ, ಹಾಂ, ಜಾಣೆ," ಅನ್ನುತ್ತಿದ್ದಾರೆ. ಇವಳಿಗೆ ಬಾಯಿ ತುಂಬ ಹಲ್ಲು ಬರುತ್ತದೆ. ನನ್ನ ಬಾಯಿಂದ ಇದ್ದದ್ದೂ ಹೋಯಿತು. ಹತ್ತಿ ಇದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನ್ನ ಬಾಯಲ್ಲಿ ಏನು ಬರುತ್ತಿತ್ತೋ.

ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಶಾಲೆಯ ಬಟ್ಟೆ, ಹಲ್ಲಿನ ಮೇಲೆಲ್ಲ ತಂತಿ. ಉಬ್ಬುಹಲ್ಲನ್ನು ಒಳಕ್ಕೆ ಕೂರಿಸುವುದಕ್ಕೆ ತಂತಿ ಎಂದು ಅವಳ ತಾಯಿ ಹೇಳಿದಳು. "ಇಲ್ಲೇ ಮಾಡ್ತಾರೆ ಅಜ್ಜಿ. ಬಂದು ಕಾಯಬೇಕು ಅಷ್ಟೆ." ನಾನು ಆ ಮಗುವಿನ ಬಾಯಿ ನೋಡಿದೆ. ನನ್ನ ಬಾಯಿಯೇ, ಆ ವಯಸ್ಸಿನದ್ದು. ನಮ್ಮ ಕಾಲದಲ್ಲಿ ಇಂಥದ್ದೊಂದು ಬಾಗಿಲಿದ್ದಿದ್ದರೆ ಮೇಸ್ತ್ರಿಯ ಬೆರಳು ಬೇರೆ ಕಡೆ ತಿರುಗುತ್ತಿತ್ತೋ ಏನೋ. ಆ ಹುಡುಗಿಯ ಮೇಲೂ ನನಗೆ ಹೊಟ್ಟೆ ಉರಿಯಿತು. ಮೊಮ್ಮಗಳ ವಯಸ್ಸಿನ ಮಗು! ಹೊಟ್ಟೆಕಿಚ್ಚಿಗೆ ಹಿರಿಯರು ಕಿರಿಯರು ಎಂಬ ಮರ್ಯಾದೆ ಇಲ್ಲ.

ದಾಳಿಂಬೆಯ ಬಾಯಿಗೆ ಕಲಸಿದ ಹಿಟ್ಟಿನಂಥದ್ದನ್ನು ತುಂಬಿ ವಸಡಿನ ಅಚ್ಚು ತೆಗೆದರು. ಅವಳಿಗೆ ವಾಕರಿಕೆ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಉಗುರು ನೆಟ್ಟ ಗುರುತು ಮನೆಗೆ ಹೋಗುವವರೆಗೂ ಇತ್ತು. ಆಮೇಲೆ ಕಾಯುವುದು. ಹಲ್ಲು ಜೋಡಿಸುವವನು ಇಡೀ ಆಸ್ಪತ್ರೆಗೆ ಒಬ್ಬನೇ. ಅವನ ಮೇಜಿನ ಮೇಲೆ ಸಾಲಾಗಿ ಅಚ್ಚುಗಳಿದ್ದವು, ಊರಿಗೆ ಊರೇ ಬಾಯಿ ತೆರೆದು ಕೂತ ಹಾಗೆ. ಫೋನು ಬಂದಾಗ ಹೋಗಬೇಕು. ಹೋಗದಿದ್ದರೆ ಸರದಿ ಹಿಂದಕ್ಕೆ. ದಾಳಿಂಬೆ ಫೋನನ್ನು ಬಚ್ಚಲಿಗೂ ತೆಗೆದುಕೊಂಡು ಹೋಗುತ್ತಿದ್ದಳು. ಅಂತೂ ಬೇಸಿಗೆ ಕಳೆದ ಮೇಲೆ ಕರೆ ಬಂತು.

ಹಲ್ಲನ್ನು ನೇರವಾಗಿ ಕಟ್ಟಿಬಿಡುವುದಿಲ್ಲ. ಮೊದಲು ಮೇಣದ ಮೇಲೆ ಹಲ್ಲು ನೆಟ್ಟು ಬಾಯಿಗೆ ಇಟ್ಟು ನೋಡುತ್ತಾರೆ. ಏನಾದರೂ ಬದಲಾಯಿಸಬೇಕಿದ್ದರೆ ಆಗಲೇ. ಮೇಣ ಹೋಗಿ ಗಟ್ಟಿ ವಸಡು ಬಂದ ಮೇಲೆ ಆಗುವುದಿಲ್ಲ. ಇದನ್ನೆಲ್ಲ ನಮಗೆ ಹೇಳಿದ್ದು ಆ ಹಲ್ಲು ಜೋಡಿಸುವವನೇ. ದಾಳಿಂಬೆ ಮೊದಲ ದಿನವೇ ಅವನಿಗೆ ಮೇಣದಣ್ಣ ಎಂದು ಹೆಸರಿಟ್ಟಿದ್ದಳು. ಅಂಗಿಯ ತೋಳಿನ ಮೇಲೆಲ್ಲ ಮೇಣದ ಹನಿ, ಕೈಯಲ್ಲಿ ಸಣ್ಣ ಚಾಕು, ಬಾಯಲ್ಲಿ ನಿಲ್ಲದ ಮಾತು.

ಡಾಕ್ಟರಮ್ಮ ಆ ಮೇಣದ ಸೆಟ್ಟನ್ನು ದಾಳಿಂಬೆಯ ಬಾಯಿಗೆ ಕೂರಿಸಿದರು. ಒಳಗೆ ಹೋಗಿದ್ದ ಕೆನ್ನೆ ಒಂದೇ ಸಲ ತುಂಬಿಕೊಂಡಿತು. ತುಟಿ ಮೇಲೆದ್ದಿತು. ಹಲ್ಲುಗಳೋ, ಅಳತೆ ಕೋಲಿಟ್ಟು ಜೋಡಿಸಿದ ಹಾಗೆ ಒಂದೇ ಸಮ, ಒಂದೇ ಬಿಳುಪು. ಸಿನಿಮಾದವರ ಹಲ್ಲು.

"ಎಷ್ಟು ಚೆನ್ನಾಗಿದೆ ನೋಡಿ ಅಜ್ಜಿ," ಎಂದು ಕನ್ನಡಿ ಕೊಟ್ಟರು.

ದಾಳಿಂಬೆ ನೋಡಿದಳು. ಕನ್ನಡಿಯನ್ನು ಹತ್ತಿರ ತಂದಳು, ದೂರ ಹಿಡಿದಳು. ಆಮೇಲೆ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಳು. ನಾನು ಮಾಡುತ್ತಿದ್ದ ಹಾಗೆ.

"ಇದು ಯಾರ ಬಾಯಿ?" ಅಂದಳು.

"ನಿಮ್ಮದೇ ಅಜ್ಜಿ."

"ನಂದಲ್ಲ. ಯಾರೋ ನನ್ನ ಮುಖದೊಳಗೆ ಕೂತ್ಕೊಂಡು ನಗ್ತಿದಾರೆ. ತೆಗೀರಿ. ನಂಗೆ ಭಯ ಆಗತ್ತೆ."

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ, ಹಾಗಾಯಿತು. ಹೊರಗೆ ಬೆಂಚಿನ ತುಂಬ ಜನ, ಒಳಗೆ ಇವಳು ಬೇಡ ಅನ್ನುತ್ತಿದ್ದಾಳೆ. ಡಾಕ್ಟರಮ್ಮ ಸಿಟ್ಟಾಗಲಿಲ್ಲ, ಕೈಗವಸು ಬಿಚ್ಚಿ ಪಕ್ಕದ ಸ್ಟೂಲಿನ ಮೇಲೆ ಕೂತರು.

"ನೋಡಿ ಅಜ್ಜಿ, ಇಷ್ಟ ಇಲ್ದೆ ತಗೊಂಡು ಹೋದ್ರೆ ಅದು ಡಬ್ಬೀಲೇ ಇರತ್ತೆ. ಎಷ್ಟೋ ಜನ ಹಂಗೇ ಮಾಡಿದಾರೆ. ನೀವು ಹಾಕ್ಕೊಂಡು ಊಟ ಮಾಡ್ಲೇಬೇಕು, ನಿಮ್ಮ ಮೈ ನೋಡಿ ಹೆಂಗಾಗಿದೆ. ಮೊದಲಿನ ಹಲ್ಲು ಹೆಂಗಿತ್ತು ಹೇಳಿ, ಹಂಗೇ ಮಾಡ್ಸೋಣ. ನಕ್ಕಿರೋ ಫೋಟೋ ಇದೆಯಾ?"

ಎಲ್ಲಿಯ ಫೋಟೋ? ನಮ್ಮ ಕಾಲದಲ್ಲಿ ಕ್ಯಾಮೆರಾ ಕಂಡರೆ ಬಾಯಿ ಬಿಗಿದು ನಿಲ್ಲುತ್ತಿದ್ದೆವು. ಹಲ್ಲು ಬಿಟ್ಟರೆ ಮರ್ಯಾದಸ್ಥರ ಮನೆಯವಳಲ್ಲ ಅನ್ನುತ್ತಿದ್ದರು. ಅವಳ ಮದುವೆಯ ಫೋಟೋದಲ್ಲಿ ಅವಳು ಹರಳೆಣ್ಣೆ ಕುಡಿದವಳ ಹಾಗೆ ನಿಂತಿದ್ದಾಳೆ.

"ನೀವೇ ಹೇಳಿ, ಹೆಂಗಿತ್ತು?" ಅಂದ ಮೇಣದಣ್ಣ.

"ನಂಗೇನು ಗೊತ್ತಪ್ಪ," ಅಂದಳು ದಾಳಿಂಬೆ. ಬಾಯಲ್ಲಿ ಮೇಣ ಇದ್ದದ್ದರಿಂದ ಮಾತು ತೊದಲುತ್ತಿತ್ತು. "ನನ್ನ ಹಲ್ಲನ್ನ ನಾನೆಲ್ಲಿ ನೋಡಿದೀನಿ? ನೋಡಿದೋರೆಲ್ಲ ಸತ್ತುಹೋದ್ರು. ಬಿಡೀಮ್ಮ, ಬೇಡ. ಬೇರೆ ಯಾರಿಗಾದ್ರೂ ಕೊಡಿ." ಕಣ್ಣಲ್ಲಿ ನೀರು ಬಂತು. ಸೆಟ್ಟು ತೆಗೆಯುವುದಕ್ಕೆ ತಾನೇ ಬಾಯಿಗೆ ಬೆರಳು ಹಾಕಿದಳು.

ನಾನು ಗೋಡೆಗೆ ಒರಗಿ ನಿಂತಿದ್ದೆ. ಅಷ್ಟು ಹೊತ್ತೂ ನನ್ನ ಕಣ್ಣು ಆ ಬಿಳಿ ಸಾಲಿನ ಮೇಲೇ ಇತ್ತು. ಬೇಡ ಎಂದು ಅಳುತ್ತಾಳಲ್ಲ, ಎಂಥ ಸೊಕ್ಕು! ಹೋದ ಹಲ್ಲಿಗಿಂತ ನೂರು ಪಾಲು ಚೆಂದದ ಹಲ್ಲು ಈ ವಯಸ್ಸಿನಲ್ಲಿ ಬಂದಿದೆ. ಹುಡುಗಿಯಾಗಿದ್ದಾಗ ಇದ್ದದ್ದು ಸಾಲದು ಎಂದು ಮುದುಕಿಯಾದ ಮೇಲೆ ಇನ್ನೂ ಮೇಲಿನದ್ದು. ಎಲ್ಲಾದರೂ ಉಂಟೇ? ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ನನಗೆ ತಡೆಯಲಾಗಲಿಲ್ಲ.

"ಇವಳದ್ದು ಇಷ್ಟು ಚೆನ್ನಾಗಿರ್ಲಿಲ್ಲ ಡಾಕ್ಟ್ರಮ್ಮ!" ಅಂದೆ. ಪಡಸಾಲೆಗೆಲ್ಲ ಕೇಳುವ ಹಾಗೆ. "ಸೊಟ್ಟ ಇತ್ತು, ಸೊಟ್ಟ! ಎಲ್ಲರೂ ದಾಳಿಂಬೆ ದಾಳಿಂಬೆ ಅಂತಿದ್ರು, ಸರಿಯಾಗಿ ಯಾರು ನೋಡಿದ್ರು? ನಾನು ನೋಡಿದೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮೇಣದಣ್ಣ ಚಾಕು ಎತ್ತಿಕೊಂಡು, "ಯಾವ ಕಡೆ ಸೊಟ್ಟ ಅಮ್ಮ?" ಅಂದ.

"ಎಡಗಡೆ. ಮುಂದಿನ ಎರಡರಲ್ಲಿ ಎಡಗಡೇದು. ನೆಟ್ಟಗೆ ನಿಂತಿರ್ಲಿಲ್ಲ. ಬಸ್ಸಲ್ಲಿ ನಿದ್ದೆ ಬಂದೋಳು ಪಕ್ಕದೋಳ ಹೆಗಲಿಗೆ ಒರಗ್ತಾಳಲ್ಲ, ಹಂಗೆ ಪಕ್ಕದ ಹಲ್ಲಿನ ಮೇಲೆ ಒರಗಿತ್ತು."

ಅವನು ಸೆಟ್ಟನ್ನು ಹೊರಗೆ ತೆಗೆಸಿ, ಚಾಕುವನ್ನು ದೀಪದ ಉರಿಗೆ ಹಿಡಿದು, ಮೇಣ ಮೆತ್ತಗೆ ಮಾಡಿ ಆ ಹಲ್ಲನ್ನು ತಿರುಗಿಸಿದ. "ಹಿಂಗಾ?"

"ಇನ್ನೊಂಚೂರು. ಅಷ್ಟಲ್ಲ, ಅಷ್ಟಾದ್ರೆ ಕುಡಿದು ಬಿದ್ದಂಗಿರತ್ತೆ. ಹಾಂ, ಸಾಕು."

ಒಂದು ತಪ್ಪು ತೋರಿಸಿದ ಸಂತೋಷಕ್ಕೆ ಇನ್ನೊಂದು ನೆನಪಾಯಿತು. ಬಲಗಡೆಯ ಕೋರೆಹಲ್ಲು ಒಂದಿಷ್ಟು ಮೇಲೆ ಹತ್ತಿ ಕೂತಿತ್ತು. ಸುಮ್ಮನೆ ನಕ್ಕರೆ ಕಾಣದು, ಹೊಟ್ಟೆ ಹಿಡಿದುಕೊಂಡು ನಕ್ಕರೆ ಮಾತ್ರ ಇಣುಕುತ್ತಿತ್ತು. ಬಲಗಡೆಯದು ಕಿಂಡಿಯಲ್ಲಿ ಕಾಣುತ್ತಿರಲಿಲ್ಲ, ಮನೆಯಲ್ಲಿ ಊಟಕ್ಕೆ ಎದುರುಬದುರು ಕೂತಾಗ ನೋಡಿಕೊಂಡಿದ್ದೆ. ಅದನ್ನೂ ಹೇಳಿದೆ. ಸಕ್ಕರೆ ಮೂಟೆಯ ಹುರಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಮುಂದಿನ ಹಲ್ಲಿನ ಮೂಲೆ ಚಕ್ಕೆ ಎದ್ದಿತ್ತು. ಅದನ್ನೂ ಹೇಳಿದೆ. "ಇನ್ನು ಬಣ್ಣ. ಇದೇನು, ಗೋಡೆಗೆ ಸುಣ್ಣ ಬಳಿದಂಗೆ? ಅವಳದ್ದು ಹಾಲಿನ ಕೆನೆ ಬಣ್ಣ. ಅದೂ ಕಾದು ಆರಿದ ಹಾಲಿಂದು."

"ಅಕ್ಕಾ, ಮೂಟೆ ಹುರಿ ವಿಷ್ಯ ನಂಗೇ ಮರೆತುಹೋಗಿತ್ತು," ಅಂದಳು ದಾಳಿಂಬೆ ಬೊಚ್ಚುಬಾಯಲ್ಲಿ.

"ನೀನ್ಯಾಕೆ ನೆನಪಿಟ್ಕೋತೀಯ? ಸುಮ್ನಿರು. ಕೆಲಸ ಕೆಡಿಸ್ಬೇಡ."

ಮೇಣದಣ್ಣ ಡಬ್ಬಿಯಿಂದ ಬೇರೆ ಬಣ್ಣದ ಹಲ್ಲು ತೆಗೆದ. ನಾನು ಆರಿಸಿ ತೋರಿಸಿದೆ. ಅವನು ಅವನ್ನು ಹಳೆಯವುಗಳ ಜಾಗದಲ್ಲಿ ಹಾಗೇ ನೆಟ್ಟು, ಒಂದನ್ನು ಉಜ್ಜಿ ಮೂಲೆ ಮುರಿದ. "ಜೀವಮಾನದಲ್ಲಿ ಎಲ್ಲರೂ ನೆಟ್ಟಗೆ ಮಾಡಪ್ಪ ಅಂತಾರೆ. ಕೆಡಿಸಪ್ಪ ಅಂತ ಕೇಳಿದೋರು ನೀವೊಬ್ಬರೇ ನೋಡಿ," ಅಂದ. ಹೊರಗೆ ಬೆಂಚಿನವರು ಗೊಣಗುತ್ತಿದ್ದರು. ಡಾಕ್ಟರಮ್ಮ ಬಾಗಿಲಿಗೆ ಹೋಗಿ, "ಸ್ವಲ್ಪ ಸೈರಿಸಿ, ನಿಮ್ಮ ಸರದೀಲೂ ಹೀಗೇ ನೋಡ್ತೀವಿ," ಎಂದು ಬಂದರು.

ನಾನು ಒಂದೊಂದೇ ಐಬು ಹೇಳುತ್ತಾ ಹೋದೆ. ಪ್ರತಿಯೊಂದು ಐಬಿಗೂ ನನ್ನ ಎದೆ ಹಗುರವಾಗುತ್ತಿತ್ತು. ನೋಡಲಿ, ಎಲ್ಲರೂ ನೋಡಲಿ, ದಾಳಿಂಬೆಯಂತೆ ದಾಳಿಂಬೆ! ಮುಗಿದ ಮೇಲೆ ಡಾಕ್ಟರಮ್ಮ ಸೆಟ್ಟನ್ನು ಮತ್ತೆ ಬಾಯಿಗಿಟ್ಟರು. ದಾಳಿಂಬೆ ನನ್ನ ಕಡೆ ತಿರುಗಿ ಹೇಗಿದೆ ಎಂದು ಕೇಳುವ ಹಾಗೆ ತುಟಿ ಬಿಚ್ಚಿದಳು.

ಕಿಂಡಿ ತೆರೆದುಕೊಂಡಿತು. ಹಬೆ ಇಲ್ಲ, ತಟ್ಟೆಯ ಸದ್ದಿಲ್ಲ, ಅಷ್ಟೇ ವ್ಯತ್ಯಾಸ. ಚಪ್ಪಲಿ ರಾಶಿಯಲ್ಲಿ ಮುಗ್ಗರಿಸಿ ನಕ್ಕವಳು, ಸಾಲಿನಲ್ಲಿದ್ದ ಗಂಡಸರನ್ನೆಲ್ಲ ನಗಿಸಿದವಳು, ಅಲ್ಲೇ ಕೂತಿದ್ದಳು. ಐಬುಗಳನ್ನೆಲ್ಲ ಒಂದೊಂದಾಗಿ ಎತ್ತಿ ಇಟ್ಟವಳು ನಾನು. ಅವೆಲ್ಲ ಸೇರಿ ಅವಳಾಗಿಬಿಟ್ಟಿದ್ದವು. ನನ್ನ ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಭಗ್ ಎಂದು ಹತ್ತಿತು. ನಡುವೆ ಉರಿದದ್ದೆಲ್ಲ ಬರೀ ಹೊಗೆ, ಅಷ್ಟು ವರ್ಷ ಆ ಕಿಚ್ಚು ಆರಿತ್ತು ಎಂಬುದೇ ನನಗೆ ಆಗ ಗೊತ್ತಾದದ್ದು.

ದಾಳಿಂಬೆ ಕನ್ನಡಿ ನೋಡಿಕೊಂಡಳು. ಆಮೇಲೆ, "ಬಂದ್ಲು ಕಣಕ್ಕ," ಅಂದಳು ಮೆಲ್ಲಗೆ. "ಅವಳು ಬಂದ್ಲು." ಕನ್ನಡಿಯಲ್ಲೇ ನನ್ನ ಕಣ್ಣು ಹುಡುಕಿ, "ಅಷ್ಟು ನೋಡ್ತಿದ್ಯಾ ನನ್ನ?" ಅಂದಳು.

"ನೋಡ್ದೆ ಏನು ಮಾಡ್ಲಿ? ಕಣ್ಣಿಗೆ ಹೊಡೀತಿತ್ತು."

ಅವಳು ನಕ್ಕಳು. ಕೋರೆಹಲ್ಲು ಇಣುಕಿತು, ನಾನು ಹೇಳಿದ ಜಾಗದಲ್ಲೇ.

ಗಟ್ಟಿ ಸೆಟ್ಟು ಬಾಯಿಗೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಅಲ್ಲಲ್ಲಿ ಒತ್ತಿ ಹುಣ್ಣಾಯಿತು. ಮತ್ತೆ ಎರಡು ಬಸ್ಸು, ಮತ್ತೆ ಬೆಂಚು. ಮೇಣದಣ್ಣ ಉಜ್ಜಿ ಉಜ್ಜಿ ಕೊಟ್ಟ. ಬೇರೆ ಏನಾಗಿದ್ದರೂ ಅವಳು ಅದನ್ನು ಡಬ್ಬಿಗೆ ಹಾಕಿ ಕೂತುಬಿಡುತ್ತಿದ್ದಳು, ನನಗೆ ಗೊತ್ತು. ಇದನ್ನು ಬಿಡಲಿಲ್ಲ. ಮೊದಲು ಮೆತ್ತಗಿನ ಅನ್ನ, ಆಮೇಲೆ ರೊಟ್ಟಿಯ ಅಂಚು. ಒಂದು ದಿನ ಸೊಸೆ ಸೀಬೆಹಣ್ಣು ಹೆಚ್ಚಿ ತಂದಿಟ್ಟಳು. ದಾಳಿಂಬೆ ಹೋಳು ಮುಟ್ಟಲಿಲ್ಲ. ಬುಟ್ಟಿಯಿಂದ ಇಡೀ ಹಣ್ಣು ತೆಗೆದು ಕಚ್ಚಿದಳು. ಬೀಜ ಸೆಟ್ಟಿನ ಅಡಿಗೆ ಹೋಗಿ ಅಯ್ಯಯ್ಯೋ ಅಂದಳು, ಎದ್ದು ಹೋಗಿ ತೊಳೆದುಕೊಂಡು ಬಂದಳು, ಮತ್ತೆ ಕಚ್ಚಿದಳು. ನಾನು ದವಡೆ ಹಲ್ಲಿಲ್ಲದ ಕಡೆ ತಪ್ಪಿಸಿ ಒಂದೇ ಕಡೆಯಲ್ಲಿ ಹೋಳು ಅಗಿಯುತ್ತಾ ಅವಳನ್ನು ನೋಡಿದೆ. ಹಣ್ಣಿನ ಮೇಲೆ ಅವಳ ಹಲ್ಲಿನ ಗುರುತು ಬಿದ್ದಿತ್ತು, ಒಂದು ಕಡೆ ಸೊಟ್ಟಗೆ.

ಈಗ ಅವಳ ಮೈ ಕೈ ತುಂಬಿಕೊಂಡಿದೆ. ಸಂಜೆ ಇಬ್ಬರೂ ಬೀದಿಯ ಕೊನೆಯ ಅಂಗಡಿತನಕ ಹೋಗಿ ಬರುತ್ತೇವೆ. ಅವಳು ಮುಂದೆ, ಸಿಕ್ಕವರಿಗೆಲ್ಲ ಒಂದು ಮಾತು, ಒಂದು ನಗು. ನಾನು ಚೀಲ ಹಿಡಿದುಕೊಂಡು ಹಿಂದೆ. ಮೇಸ್ತ್ರಿ ಸತ್ತು ಎಷ್ಟೋ ಕಾಲವಾಯಿತು, ಅವನ ಬೆರಳಿನ್ನೂ ಸತ್ತಿಲ್ಲ.

ಮೊನ್ನೆ ನನ್ನ ಮುಂದಿನ ಉಬ್ಬುಹಲ್ಲೊಂದು ಸ್ವಲ್ಪ ಅಲ್ಲಾಡಿದ ಹಾಗಾಯಿತು. ನಾಲಿಗೆಯಿಂದ ಒತ್ತಿ ನೋಡಿದೆ. ಹೌದು. ಮಂಚದ ಮೇಲೆ ಕೂತು ದಾಳಿಂಬೆಯನ್ನು ಕರೆದೆ.

"ಕಣ್ಣು ಮುಚ್ಕೋ."

"ಯಾಕಕ್ಕ?"

"ಮುಚ್ಕೋ ಅಂದೆ. ಈಗ ಹೇಳು, ನನ್ನ ಹಲ್ಲು ಹೆಂಗಿದೆ?"

ಅವಳು ಕಣ್ಣು ಮುಚ್ಚಿಕೊಂಡು ಯೋಚಿಸಿದಳು. "ಮುಂದೆ ಬಂದಿದೆ," ಅಂದಳು.

"ಆಮೇಲೆ?"

"ಆಮೇಲೇನು? ಗಟ್ಟಿಯಾಗಿದೆ."

"ಅಷ್ಟೇನಾ?"

"ಇನ್ನೇನಿರತ್ತಕ್ಕ, ಹಲ್ಲು ತಾನೆ?"

ಒಂದು ಆಯುಷ್ಯ ಅವಳ ಬಾಯಿ ನೋಡಿಕೊಂಡು ಕಳೆದವಳು ನಾನು. ಅವಳು ನನ್ನ ಬಾಯಿಯನ್ನು ಒಂದು ಸಲವೂ ನೋಡಿಲ್ಲ. ನಾಳೆ ನನ್ನವು ಬಿದ್ದುಹೋದರೆ ಆ ಮೇಣದಣ್ಣನ ಎದುರು ನಿಂತು, ಹಿಂಗಲ್ಲಪ್ಪ ಹಂಗೆ, ಎಂದು ಹೇಳುವವರು ಯಾರು? ನನಗೂ ಅಳತೆ ಕೋಲಿಟ್ಟ ಬಿಳಿ ಸಾಲನ್ನೇ ಕೊಟ್ಟು ಕಳಿಸುತ್ತಾರೆ. ನೆಟ್ಟಗಿನ ಹಲ್ಲಿಗಾಗಿ ಹುಟ್ಟಿದಾಗಿನಿಂದ ಆಸೆಪಟ್ಟವಳಿಗೆ ಈಗ ಅದು ಬೇಡವಾಗಿದೆ, ನೋಡಿ. ಇದಕ್ಕೂ ಅವಳೇ ಕಾರಣ.

"ಕಣ್ಣು ಬಿಡು," ಅಂದೆ. "ಕನ್ನಡಕ ಹಾಕ್ಕೊಂಡು ಬಾ ಇಲ್ಲಿ. ನಿನ್ನ ಮಂಚದ ಮೇಲೆ ಕೂತ್ಕೋತೀನಿ, ಕಿಟಕಿ ಬೆಳಕು ಅಲ್ಲೇ ಇರೋದು. ಸರಿಯಾಗಿ ನೋಡಿ ನೆನಪಿಟ್ಕೋ."

ದಾಳಿಂಬೆ ಕನ್ನಡಕ ಏರಿಸಿಕೊಂಡು ಬಂದು, ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ಅಗಲಿಸಿ ಅಜ್ಜಿ," ಅಂದಳು ಡಾಕ್ಟರಮ್ಮನ ದನಿಯಲ್ಲಿ. "ಹಾಂ, ಜಾಣೆ."